ಪೀಪಾಯಿ ತಾತನ ಗೀರುಗಳು

ಅವರ ಬಲಗಿವಿಯ ಅಂಚು ಎಡಗಿವಿಗಿಂತ ಕಪ್ಪಗೆ, ಗಟ್ಟಿಯಾಗಿತ್ತು. ದಿನವೂ ಬಾರಿನ ಬಾಗಿಲು ತೆರೆಯುವ ಮೊದಲು ಆ ಕಿವಿಯನ್ನು ಬಿಯರ್ ಪೀಪಾಯಿಗೆ ಒತ್ತಿ ಹಿಡಿದು ಕೇಳುತ್ತಿದ್ದರು. ಒಳಗಿನ ಹುದುಗಿನ ಗುಳುಗುಳು ನಿಂತಿಲ್ಲವೆಂದರೆ, ಎಂಥ ದೊಡ್ಡ ಮನುಷ್ಯ ಬಂದು ಕೂತರೂ ಅದರಿಂದ ಒಂದು ಹನಿ ಸಿಗುತ್ತಿರಲಿಲ್ಲ. "ಇನ್ನೂ ಮಾತಾಡ್ತಾ ಇದೆ ಸಾರ್. ಸುಮ್ಮನಾಗ್ಲಿ, ನಾಳೆ ಬನ್ನಿ" ಎನ್ನುವರು. ನಾವೆಲ್ಲ ಅವರನ್ನು ಪೀಪಾಯಿ ತಾತ ಎಂದೇ ಕರೆಯುತ್ತಿದ್ದೆವು.

ಚಾಮರಾಜಪೇಟೆಯ ಆ ಬಾರನ್ನು ಯಾರೋ ಇಂಗ್ಲಿಷ್ ದೊರೆ ಕಟ್ಟಿಸಿದ್ದಂತೆ. ತೇಗದ ಉದ್ದನೆಯ ಕೌಂಟರು, ಕೆಳಗೆ ಕಾಲಿಡಲು ಹಿತ್ತಾಳೆ ಸರಳು, ಹಿಂದೆ ಅಂಚು ಮಾಸಿದ ದೊಡ್ಡ ಕನ್ನಡಿ. ಕಿಟಕಿಗಳಿಗೆ ದಪ್ಪ ಬಣ್ಣದ ಗಾಜು, ಹಗಲಲ್ಲೂ ದೀಪ ಬೇಕು. ಬಿಯರನ್ನು ಹಿತ್ತಲಲ್ಲೇ ತಯಾರಿಸಿ, ಗ್ಯಾಸು ತುಂಬದೆ, ಕೈಪಂಪಿನಿಂದ ಎಳೆದು ಕೊಡುತ್ತಿದ್ದರು. ಹೊಸಬರು ಯಾರಾದರೂ ತಣ್ಣಗಿಲ್ಲವೆಂದು ಗೊಣಗಿದರೆ ತಾತ ಬಿಡುತ್ತಿರಲಿಲ್ಲ: "ಹಲ್ಲು ಜುಮ್ ಅನ್ಬೇಕಾದ್ರೆ ಐಸ್ ಕ್ಯಾಂಡಿ ತಿನ್ನಿ, ಹೋಗಿ!"

ನಾನು ಮರಕ್ಕೆ ಪಾಲಿಶ್ ಮಾಡುವವನು. ಕುರ್ಚಿ, ಬಾಗಿಲು ಎಂದು ವರ್ಷಕ್ಕೆರಡು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೆ. ಕೆಲಸ ಮುಗಿದ ಮೇಲೆ ತಾತ ಒಂದು ಮಗ್ ಬಿಯರು, ಒಂದು ಹಿಡಿ ಖಾರ ಹಚ್ಚಿದ ಕಾಂಗ್ರೆಸ್ ಕಡಲೆಕಾಯಿ ಕೊಡುವರು. ಒಂದು ಮಧ್ಯಾಹ್ನ ಷಟರ್ ಇಳಿಸಿತ್ತು, ಒಳಗೆ ನಾವಿಬ್ಬರೇ. ತಾತ ಪಂಪ್ ಎಳೆಯುತ್ತಿದ್ದಾಗಲೇ ಕರೆಂಟ್ ಹೋಯಿತು. ಕಗ್ಗತ್ತಲು. ಅವರ ಕೈ ನಿಲ್ಲಲಿಲ್ಲ. ಮಗ್ ತುಂಬುವ ಸದ್ದು ಕೇಳಿಸಿತು, ಆಮೇಲೆ ಅದು ನನ್ನ ಕೈ ಪಕ್ಕದಲ್ಲೇ ಬಂದು ಕೂತಿತು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ಏನ್ ತಾತ, ಕರೆಂಟ್ ಹೋದ್ರೂ ನಿಮ್ಮ ಕೈ ನಿಲ್ಲಲ್ವಲ್ಲ!" ಎಂದೆ.

"ಹೌದಾ? ಯಾವಾಗ ಹೋಯ್ತು?"

ತಾತ ತಡವಿ ನನ್ನ ಮಣಿಕಟ್ಟು ಹಿಡಿದುಕೊಂಡರು. "ಮೇಸ್ತ್ರಿ, ಯಜಮಾನ್ರಿಗೆ ಹೇಳ್ಬೇಡಪ್ಪ. ಕಣ್ಣಿನ ನರ ಒಣಗಿದೆ, ಆಪರೇಷನ್ ಮಾಡಿದ್ರೂ ಬರಲ್ಲ ಅಂದ್ರು ಡಾಕ್ಟ್ರು. ಮನೇಲಿ ಕೂರ್ಸಿದ್ರೆ ಗೋಡೆಗೆ ಡಿಕ್ಕಿ ಹೊಡ್ಕೊಂಡು ಸಾಯ್ತೀನಿ. ಇಲ್ಲಿ ನಂಗೆಲ್ಲಾ ಕಾಣುತ್ತೆ."

ನಾನು ಯಾರಿಗೂ ಹೇಳಲಿಲ್ಲ. ಅಷ್ಟು ಮಟ್ಟಿಗೆ ಮಾತು ಉಳಿಸಿಕೊಂಡೆ.

ಹೋದ ವರ್ಷ ಯಜಮಾನರು ಒಂದು ವಾರ ಬಾರು ಮುಚ್ಚಿ, ಕೌಂಟರಿಗೆ ಪಾಲಿಶ್ ಮಾಡಲು ನನ್ನನ್ನು ಕರೆದರು. ತಾತ ನಿಲ್ಲುವ ಜಾಗವಲ್ಲವೇ ಎಂದು ಹುಡುಗರ ಕೈಗೆ ಕೊಡದೆ ನಾನೇ ಕೂತು ಮಾಡಿದೆ. ಒಳಬದಿಯ ಅಂಚಿನಲ್ಲಿ ಅಲ್ಲಲ್ಲಿ ಗೀರುಗಳಿದ್ದವು: ಪಂಪಿನ ಹತ್ತಿರ ಒಂದು, ಮಗ್ ತೊಳೆಯುವ ತೊಟ್ಟಿಯ ಹತ್ತಿರ ಎರಡು, ಗಿರಾಕಿಗಳು ಕೂರುವ ಕಡೆ ಮೂರು ಮೂರು. ನಿಂಬೆಹಣ್ಣು ಕೊಯ್ಯುವಾಗ ಚಾಕು ತಗುಲಿದ್ದಿರಬೇಕು ಅಂದುಕೊಂಡೆ. ನಮ್ಮ ಕಸುಬಿನವರಿಗೆ ಗೀರು ಕಂಡರೆ ಕೈ ಸುಮ್ಮನಿರುವುದಿಲ್ಲ. ಎಲ್ಲಕ್ಕೂ ಸಂದು ಮುಚ್ಚುವ ಲಪ್ಪ ತುಂಬಿ, ಉಜ್ಜಿ, ಮಟ್ಟ ಮಾಡಿ, ಪಾಲಿಶ್ ಹೊಡೆದೆ. ಅವರ ಕಣ್ಣಿನ ಸಂಗತಿ ಗೊತ್ತಿದ್ದವನು ನಾನೊಬ್ಬನೇ. ಆ ಗೀರುಗಳು ಯಾಕಿವೆಯೆಂದು ನನಗೂ ಹೊಳೆಯಲಿಲ್ಲ.

ಬಾರು ತೆರೆದ ದಿನ ಬೆಳಿಗ್ಗೆ, "ಒಂದು ಗೀರೂ ಬಿಟ್ಟಿಲ್ಲ ತಾತ, ಮುಟ್ಟಿ ನೋಡಿ" ಎಂದು ಜಂಬದಿಂದ ಹೇಳಿದೆ. ಅವರ ಬೆರಳು ಅಂಚಿನ ಮೇಲೆ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು. "ಚೆನ್ನಾಗ್ ಮಾಡಿದ್ದೀಯಪ್ಪ" ಎಂದರು.

ಮೊದಲ ಮಗ್ಗನ್ನು ಕಿವಿಯಿಂದಲೇ ಅಳತೆ ಮಾಡಿ ತುಂಬಿದರು. ಅಂಚನ್ನು ತಡವಿದರು. ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಮಗ್ಗನ್ನು ಕೌಂಟರಿನಾಚೆ ಇಟ್ಟುಬಿಟ್ಟರು. ಗಾಜು ನೆಲಕ್ಕೆ ಬಿದ್ದು ಚೂರಾಯಿತು. ಎರಡನೆಯದೂ ಬಿತ್ತು. ಇಡೀ ಬಾರು ಅವರ ಕಣ್ಣನ್ನೇ ನೋಡಿತು.

ಯಜಮಾನರು ಕೆಟ್ಟವರಲ್ಲ. ಬೈಯಲಿಲ್ಲ. "ತಾತ, ಸಾಕು. ಮನೇಲಿ ಆರಾಮಾಗಿರಿ" ಎಂದರು. ನಾನು ಓಡಿಹೋಗಿ ಉಳಿ ತಂದು, ತಾತನ ಬೆರಳಿಗೆ ಗುರುತಾಗಿದ್ದ ಗೀರುಗಳನ್ನು ಮತ್ತೆ ಕೆತ್ತಿಕೊಡುತ್ತೇನೆಂದು ಯಜಮಾನರನ್ನು ಗೋಗರೆದೆ. "ಗೀರಿಂದಲ್ಲ ಮೇಸ್ತ್ರಿ. ಕಣ್ಣು ಕಾಣಲ್ಲ ಅಂತ ಗೊತ್ತಾದ್ಮೇಲೆ ತಾತನ್ನ ಇಲ್ಲಿ ಹೇಗೆ ನಿಲ್ಲಿಸ್ಲಿ? ನೀವೇ ಹೇಳಿ" ಎಂದರು.

ಓಕಳಿಪುರಂನ ಅವರ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಹಾಸಿಗೆಯಿಂದ ಏಳುವುದನ್ನೇ ಬಿಟ್ಟಿದ್ದರು. ಪಕ್ಕದಲ್ಲಿ ರೈಲು ಹೋದಾಗ ಮಾತು ನಿಲ್ಲಿಸಿ, ಮುಗಿದ ಮೇಲೆ ಕೇಳುವರು: "ಪೀಪಾಯಿ ಏನಂತಿದೆ?" ನಾನು ಕ್ಷಮೆ ಕೇಳಿದಾಗ ತಲೆಯಾಡಿಸಿದರು. "ತಪ್ಪು ನಂದೇ. ಕಣ್ಣಿನ ವಿಷ್ಯ ನಿಂಗೆ ಹೇಳಿದ್ದೆ, ಗೀರಿನ ವಿಷ್ಯ ಹೇಳ್ಲಿಲ್ಲ. ಯಜಮಾನ್ರ ಮರ ಕೆಡಿಸಿದ್ದೀನಿ ಅಂತ ನಾಚ್ಕೆ." ಎರಡು ತಿಂಗಳೂ ಕಳೆಯಲಿಲ್ಲ, ಹೋಗಿಬಿಟ್ಟರು.

ಈಗಲೂ ಆ ಬಾರಿಗೆ ಹೋಗುತ್ತೇನೆ. ಪೀಪಾಯಿಗೆ ಯಾರೂ ಕಿವಿಗೊಡುವುದಿಲ್ಲ, ಗೋಡೆಯ ಮೇಲಿನ ಪಟ್ಟಿ ನೋಡಿ ದಿನ ಲೆಕ್ಕ ಹಾಕುತ್ತಾರೆ. ಗಿರಾಕಿಗಳು ಕಮ್ಮಿ ಇರುವಾಗ ಕೌಂಟರಿನ ಒಳಬದಿಗೆ ಹೋಗಿ, ಕಣ್ಣು ಮುಚ್ಚಿಕೊಂಡು ಅಂಚಿನ ಮೇಲೆ ಬೆರಳಾಡಿಸಿ ಆ ಗೀರುಗಳನ್ನು ಹುಡುಕುತ್ತೇನೆ. ಒಂದೂ ಸಿಗುವುದಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದೇನೆ.