ಪೂವಮ್ಮನ ಕೆಮ್ಮೂ ತಿಗಣೆ ಮದ್ದೂ

ಸಾಂತಪ್ಪಜ್ಜ ಈ ಗುಡ್ಡದಲ್ಲಿ ನಿಂತು ಕೂ ಹಾಕಿದರೆ ಆಚೆ ಗುಡ್ಡದ ನಾಯಿಗಳು ಬೊಗಳುತ್ತಿದ್ದವು. ಅವನ ಮಗ ಕುಟ್ಟಪ್ಪ ಏಲಕ್ಕಿ ಮೂಟೆ ತಲೆಗೇರಿಸಿದರೆ ಘಾಟಿ ಇಳಿದು ಮುಗಿಯುವವರೆಗೆ ಹೊರೆ ಕೆಳಗಿಡುತ್ತಿರಲಿಲ್ಲ. ಅಂಥ ಉಸಿರಿನ ವಂಶದ ಹೆಣ್ಣು ಪೂವಮ್ಮ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಮಳೆ ಬಿಟ್ಟ ಮೇಲೆ, ಆಕೆ ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು ಬಿಡತೊಡಗಿದಳು. ಬಿಡದ ಕೆಮ್ಮು, ರಾತ್ರಿಯಾದರೆ ಮೈ ಬಿಸಿ.

ಊರವರ ಬಾಯಲ್ಲಿ ಕಾಯಿಲೆಗೆ ಬೇಗ ಹೆಸರು ಸಿಕ್ಕಿತು: ಕ್ಷಯ. ಸೊಸೆ ಕಮಲ ಅತ್ತೆಯ ತಟ್ಟೆ ಲೋಟ ಬೇರೆ ಗೂಡಿಗೆ ಸೇರಿಸಿದಳು. ಅಜ್ಜಿಯ ಸೆರಗು ಹಿಡಿದೇ ಮಲಗುತ್ತಿದ್ದ ಮೊಮ್ಮಗಳು ಸರೋಜಳ ಹಾಸಿಗೆ ತಾಯಿಯ ಕೋಣೆಗೆ ಹೋಯಿತು. ಮಗ ಬೋಜಪ್ಪ ಮೈಸೂರಿನ ಆಸ್ಪತ್ರೆಯ ಮಾತೆತ್ತಿದ. ಅಲ್ಲಿಗೆ ಹೋದರೆ ಈ ಮಗುವಿನ ಮುಖ ಮತ್ತೆ ಯಾವ ಕಾಲಕ್ಕೋ ಎಂಬುದೇ ಪೂವಮ್ಮನ ಚಿಂತೆಯಾಯಿತು.

ಹೋಗುವ ಮುಂಚೆ ಸುಂಟಿಕೊಪ್ಪದ ಡಾಕ್ಟರಿಗೆ ತೋರಿಸಿದರು. ಕಫದಲ್ಲಿ ಕ್ಷಯದ ಹುಳ ಕಾಣಲಿಲ್ಲ. ಮಡಿಕೇರಿಯಲ್ಲಿ ತೆಗೆಸಿದ ಎದೆಯ ಫೋಟೋದಲ್ಲಿ ಮಾತ್ರ ಎರಡೂ ಕಡೆ ಮಂಜು ಕವಿದಂತಿತ್ತು. ಡಾಕ್ಟರು ಕೆದಕಿ ಕೇಳಿದಾಗ, ಕುಶಾಲನಗರದ ಮಗಳ ಮನೆಯಲ್ಲಿದ್ದಷ್ಟು ದಿನ ಕೆಮ್ಮು ಕಡಿಮೆಯಾಗಿತ್ತೆಂದೂ ಮನೆಗೆ ಬಂದ ರಾತ್ರಿಯೇ ಮತ್ತೆ ಹಿಡಿಯಿತೆಂದೂ ಪೂವಮ್ಮ ಹೇಳಿದಳು.

"ಊರು ಬದಲಾಯಿಸಿದ್ರೆ ಕ್ಷಯ ಹಿಂಗೆ ಬಿಟ್ಟು ಹಿಡಿಯೋದಿಲ್ಲಮ್ಮ. ಅಲ್ಲಿಲ್ಲದ್ದು ನಿಮ್ಮನೇಲಿ ಏನಿದೆ?"

ಒಲೆಯ ಹೊಗೆ ಎರಡು ಕಡೆಯೂ ಇತ್ತು; ದನ, ಕೋಳಿ ಕೂಡ. ಕೊನೆಗೆ ಬಾಯಿಬಿಟ್ಟವಳು ಜೊತೆಗೆ ಬಂದಿದ್ದ ಕಮಲ. ಮಳೆಗಾಲದ ಕೊನೆಗೆ ತಿಗಣೆ ಕಾಟ ತಡೆಯಲಾರದೆ ಬೋಜಪ್ಪ ಪೇಟೆಯಿಂದ ಮದ್ದೂ ತಗಡಿನ ಪಿಚಕಾರಿಯೂ ತಂದಿದ್ದ. ಪೂವಮ್ಮ ಪ್ರತಿ ಮುಸ್ಸಂಜೆ ಮಂಚಕ್ಕೆ ಅದನ್ನು ಹೊಡೆಯುವಳು. ಹೊಡೆದು ಹೊರಗೆ ಬಂದಿದ್ದರೆ ಚಿಂತೆಯಿರಲಿಲ್ಲ. ಸಾಂಬ್ರಾಣಿ ಹಾಕುವಾಗ ಹೊಗೆ ಹೊರಹೋಗದಂತೆ ಕದ ಮುಚ್ಚುವುದು ಆ ಮನೆಯ ರೂಢಿ. ಹಾಗೆಯೇ ಇದಕ್ಕೂ ಕಿಟಕಿ ಬಾಗಿಲು ಬಿಗಿದು, ಹನಿ ಮದ್ದೂ ಪೋಲಾಗದಿರಲೆಂದು, ಒಳಗೇ ಕುಳಿತು ದೇವರ ಹೆಸರು ಹೇಳುತ್ತಿದ್ದಳು.

ಡಾಕ್ಟರು ಫೋಟೋ ಕೆಳಗಿಟ್ಟರು. "ಸಾಂಬ್ರಾಣಿ ದೇವರಿಗೆ, ಇದು ತಿಗಣೆಗೆ. ಎರಡೂ ನೀವೇ ಕುಡಿದಿದ್ದೀರಿ. ಆ ಮದ್ದು ಶ್ವಾಸಕೋಶಕ್ಕೆ ಉರಿ ಹಚ್ಚಿದೆ. ಪಿಚಕಾರಿ ಮುಟ್ಟಬೇಡಿ, ಆಮೇಲೆ ಇನ್ನೊಂದು ಫೋಟೋ ತೆಗೆಸಿ. ಆಗ್ಲೂ ಮಂಜು ಕರಗದಿದ್ರೆ ಬೇರೇನಾದರೂ ಇದೆಯಾ ನೋಡೋಣ."

ಮಂಜು ಕರಗಿತು. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಪೂವಮ್ಮ ಕೊಡ ಹೊತ್ತು ಮಾತಾಡುತ್ತಲೇ ಮೆಟ್ಟಿಲು ಹತ್ತುತ್ತಿದ್ದಳು. ಎರಡನೆಯ ಫೋಟೋ ಬಂದ ದಿನ ಕಮಲ ಸದ್ದಿಲ್ಲದೆ ಅತ್ತೆಯ ಲೋಟವನ್ನು ಎಲ್ಲರ ಲೋಟಗಳ ನಡುವೆ ಕವುಚಿಟ್ಟಳು. ಸರೋಜ ತಲೆದಿಂಬು ಬಗಲಲ್ಲಿಟ್ಟುಕೊಂಡು ಓಡಿಬಂದಳು.

ತಿಗಣೆ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಮರುದಿನ ತಿಗಣೆಗೆ ಸುರಿಯಲು ಹಂಡೆಯಲ್ಲಿ ನೀರು ಕುದಿಯಲಿಟ್ಟು, ಬಿಸಿಲಿಗೆ ಹಾಕಲು ಪೂವಮ್ಮ ಮಂಚವನ್ನು ಬೆನ್ನಿಗೇರಿಸಿದಳು. ಬೋಜಪ್ಪ ಓಡಿಬಂದು ಮಂಚದ ಒಂದು ಕಾಲು ಹಿಡಿದ.

"ಬಿಡು ಮಗ. ನನ್ನ ಲೋಟ ಎತ್ತಿಟ್ಟೋರಿಗೆ ಮಂಚ ಎತ್ತೋಕೆ ಏನವಸರ? ನಾನು ಕುಟ್ಟಪ್ಪನ ಮಗಳು, ಅಂಗಳ ಮುಟ್ಟೋತನಕ ಹೊರೆ ಕೆಳಗಿಡಲ್ಲ. ನೀನು ದಾರಿ ಬಿಟ್ರೆ ಸಾಕು."