ಮೂವತ್ತೆಂಟಲ್ಲ, ಅರವತ್ತೊಂದು

"ಅಮ್ಮಾ, ಎಲ್ಲರೂ ನಾಯಿ ಕರ್ಕೊಂಡು ವಾಕಿಂಗ್ ಹೋಗ್ತಾರೆ. ಚಕ್ರದತ್ತೆ ಮಾತ್ರ ಯಾಕೆ ಚಕ್ರ ಕರ್ಕೊಂಡು ಹೋಗ್ತಾರೆ?"

ಪುಟ್ಟಿ ಹೀಗೆ ಕೇಳಿದಾಗ ಅವಳಮ್ಮ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಕೆಳಗೆ ಎದುರುಮನೆಯ ಚಕ್ರದತ್ತೆ, ಉದ್ದ ಹಿಡಿಕೆಯ ಒಂಟಿ ಚಕ್ರ ಉರುಳಿಸಿಕೊಂಡು ಬರುತ್ತಿದ್ದರು. ಒಂದು ಸುತ್ತಿಗೆ ಒಂದು ಮೀಟರು, ಒಂದು 'ಟಕ್'. ರಸ್ತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವರದ್ದು ದೂರ ಅಳೆಯುವ ಕೆಲಸ. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೆದಕಿದರೆ, "ಇವನನ್ನೇ ಕಟ್ಕೊಂಡಿದೀನಲ್ಲ! ಕರೆದಲ್ಲಿಗೆ ಬರ್ತಾನೆ, ಸುಳ್ಳು ಹೇಳಲ್ಲ," ಎಂದು ಚಕ್ರದ ಬೆನ್ನು ತಟ್ಟುವವರು.

ಈ ಸಲ ಅವರು ಅಳೆದದ್ದು ಬೆಟ್ಟದ ಮೇಲಿನ ವಿಮಾನ ನಿಲ್ದಾಣದಿಂದ ಬಯಲಿನ ವಿಮಾನ ನಿಲ್ದಾಣದವರೆಗಿನ ದಾರಿ. ಎರಡೂ ದಿನಕ್ಕೊಂದು ವಿಮಾನ ಕಂಡರೆ ಹೆಚ್ಚು ಎನ್ನುವಂಥ ಮೂಲೆಯವು. ಬೆಟ್ಟಕ್ಕೆ ಮಂಜು ಕವಿದರೆ ವಿಮಾನ ಬಯಲಿನಲ್ಲಿ ಇಳಿಯುತ್ತದೆ. ಜನರನ್ನು ಬಸ್ಸಿನಲ್ಲಿ ಮೇಲಕ್ಕೆ ತರುತ್ತಾರೆ. ಬಯಲಿನ ನಿಲ್ದಾಣದ ಬೋರ್ಡಿನಲ್ಲಿ 'ಮೂವತ್ತೆಂಟು ಕಿಲೋಮೀಟರು, ಒಂದು ಗಂಟೆ' ಎಂದಿದೆ. ಚಕ್ರದತ್ತೆ ಆರು ದಿನ ನಡೆದು ತಂದ ಲೆಕ್ಕ ಅರವತ್ತೊಂದು.

ಪುಟ್ಟಿಯ ಅಮ್ಮನಿಗೆ ಅದು ಅಚ್ಚರಿಯಲ್ಲ. ಪುಟ್ಟಿ ಕೈಕೂಸಾಗಿದ್ದಾಗ ಆ ಬೋರ್ಡು ನಂಬಿ, ಜ್ವರದ ಮಗುವಿಗೆ ಒಂದೇ ಬಾಟಲಿ ಹಾಲು ಹಿಡಿದು ಬಸ್ಸು ಹತ್ತಿದ್ದಳು. ಎರಡೂವರೆ ಗಂಟೆ ಬರೀ ತಿರುವು. ಕೂಸು ಅತ್ತೂ ಅತ್ತೂ ದನಿಯೇ ಕಟ್ಟಿಹೋಗಿತ್ತು. ಅಂದಿನ ಡೈರಿಯಲ್ಲಿರುವುದು ಎರಡೇ ಪದ: 'ಬೋರ್ಡು ಸುಳ್ಳು.'

ಆ ಲೆಕ್ಕ ಕೊಡಲು ಆಫೀಸಿಗೆ ಹೋಗಿದ್ದ ಚಕ್ರದತ್ತೆ ಧುಮುಗುಡುತ್ತ ಮೆಟ್ಟಿಲು ಹತ್ತಿ ಬಂದರು.

"ಏನಂದ್ರು ಆಫೀಸಲ್ಲಿ?"

"ಸಾಹೇಬ್ರು ಮ್ಯಾಪ್ ಮೇಲೆ ಸ್ಕೇಲ್ ಇಟ್ಟು, ನೋಡಮ್ಮಾ, ಮೂವತ್ತೆಂಟೇ ಅಂದ್ರು. ಸ್ಕೇಲು ನಡುವಿರೋ ಸರೋವರದ ಮೇಲೇ ನೆಟ್ಟಗೆ ಹೋಗಿದೆ! ಬಸ್ಸೇನು ಈಜುತ್ತಾ ಸಾರ್ ಅಂದೆ."

"ಅಯ್ಯೋ ಅತ್ತೆ!"

"ಬೋರ್ಡು ಬರೆಸಿಯಾಗಿದೆ, ಸುಮ್ನೆ ಮೂವತ್ತೆಂಟಕ್ಕೇ ಸಹಿ ಹಾಕಿ ಅಂದ್ರು. ಕೈ ಮುರಿದ್ರೂ ಹಾಕಲ್ಲ ಅಂದೆ. ಆಗ ನಿಯಮ ತೆಗೆದ್ರು ನೋಡು. ಒಬ್ರು ಉರುಳಿಸ್ಬೇಕು, ಇನ್ನೊಬ್ರು ಕಿಲೋಮೀಟರಿಗೊಮ್ಮೆ ಬರೀಬೇಕು, ಇಬ್ಬರ ಸಹಿ ಬೇಕು. ಬರೆಯೋರ ಜಾಗ ಎರಡು ವರ್ಷದಿಂದ ಖಾಲಿ ಇಟ್ಟವರು ಅವರೇ! ಒಬ್ಬಳೇ ಅಳೆದದ್ದು ಅಳತೆಯೇ ಅಲ್ಲ ಅಂತ ಕಾಗದ ವಾಪಸ್ ಎಸೆದ್ರು."

"ಹಾಗಾದ್ರೆ ಬೋರ್ಡು ಹಾಗೇ ಇರುತ್ತಾ?"

"ನಾನು ಬದುಕಿರೋವರೆಗೂ ಇರಲ್ಲ. ಇನ್ನೊಂದ್ಸಲ ಅಳೀತೀನಿ. ಬರೆಯೋರು ಇಲಾಖೆಯವರೇ ಆಗಿರ್ಬೇಕು ಅಂತ ಆ ನಿಯಮದಲ್ಲಿ ಎಲ್ಲೂ ಇಲ್ಲ. ಮೂರು ಸಲ ಓದಿದೆ." ದನಿ ಸ್ವಲ್ಪ ತಗ್ಗಿತು. "ನೀನು ದಿನಾ ತಪ್ಪದೆ ಡೈರಿ ಬರೀತೀಯ. ಸೋಮವಾರದಿಂದ ಆರು ದಿನ ನನ್ನ ಜೊತೆ ಬರ್ತೀಯಾ? ನಾನು ಉರುಳಿಸ್ತೀನಿ, ನೀನು ಬರ್ಕೊಂಡು ಸಹಿ ಹಾಕು. ಪುಟ್ಟೀನ ತಳ್ಳೋ ಗಾಡೀಲಿ ಕೂರಿಸ್ಕೋ. ಹಾಲು ಮಾತ್ರ ಅರವತ್ತೊಂದು ಕಿಲೋಮೀಟರಿಗೆ ಸಾಕಾಗೋಷ್ಟು ತಗೋಮ್ಮಾ."