ಉಡಿಗೆ ಹೋದ ಉತ್ತತ್ತಿ

ಸೇವಾ ಸಂಸ್ಥೆಯೊಂದರ ಪರವಾಗಿ ಕಮಲಾಪುರದ ಸುತ್ತಲಿನ ಬಸುರಿಯರಿಗೆ ಖರ್ಜೂರ ಹಂಚುವುದು ನನ್ನ ಕೆಲಸವಾಗಿತ್ತು. ಕಬ್ಬಿಣಾಂಶ, ನಾರು, ಶಕ್ತಿ ಎಂದು ಮನೆಮನೆಯಲ್ಲೂ ಪಾಠ ಒಪ್ಪಿಸುತ್ತಿದ್ದೆ. ಆದರೆ ಸಂಸ್ಥೆಯವರು ಕೊಂಡು ಕಳಿಸಿದ್ದು ಮೆತ್ತನೆಯ ಖರ್ಜೂರವಲ್ಲ, ಒಣಗಿದ ಉತ್ತತ್ತಿ.

ಬಾಳೆತೋಟದ ಕೂಲಿ ಹುಲಿಗೆಮ್ಮನಿಗೆ ಏಳು ತಿಂಗಳು ತುಂಬಿತ್ತು. ಮೂರು ತಿಂಗಳು ಉತ್ತತ್ತಿ ಕೊಟ್ಟರೂ ಆಕೆಯ ರಕ್ತದಲ್ಲಿ ಕಬ್ಬಿಣಾಂಶ ಏರಿರಲಿಲ್ಲ. ಹೀಗೇ ಆದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು.

"ದಿನಾ ತಿಂತೀಯೇನಮ್ಮ?" ಎಂದೆ.

ಆಕೆ ಅತ್ತೆಯ ಮುಖ ನೋಡಿದಳು. ಅತ್ತೆ ಒಳಗಿನಿಂದ ಡಬ್ಬಿ ತಂದು ತೆರೆದಳು. ಅಡಿಕೆ, ಅರಿಶಿನಕೊಂಬಿನ ಜೊತೆ ನಾನು ಕೊಟ್ಟ ಉತ್ತತ್ತಿಯೂ ಇತ್ತು.

"ಉತ್ತತ್ತಿ ಉಡಿ ತುಂಬಾಕಲ್ಲೇನ್ರಿ? ಓಣ್ಯಾಗ ನಾಕು ಮಂದಿ ಬಸುರೇರಿಗೆ ಕುಬಸ ಮಾಡಿದ್ವಿ. ಎಲ್ಲಾರ ಉಡಿಗೂ ನಿಮ್ಮವನ್ನ ಹಾಕೀವಿ. ಭಾಳ ಪುಣ್ಯ ಬರತೈತಿ ನಿಮಗ."

"ಸೀಮಂತ ಮಾಡಿಸಿಕೊಂಡ ಅವರಾದ್ರೂ ತಿಂದ್ರಾ?"

"ಅವರ್ಯಾಕ ತಿಂತಾರ್ರಿ? ತೆಗದು ಇಟ್ಟಾರ. ಶುಕ್ರವಾರ ಇಕಿ ಕುಬಸಕ್ಕ ಅವನ್ನೇ ತರ್ತಾರ."

"ಹೆರಿಗೆಯಲ್ಲಿ ಸೊಸೆಗೆ ಏನಾದ್ರೂ ಆದ್ರೆ?"

"ಬಿಡ್ತು ಅನ್ರಿ! ಬಾಗಲದಾಗ ನಿಂತು ಇಂಥಾ ಮಾತ ಆಡಬ್ಯಾಡ್ರಿ."

ಹುಲಿಗೆಮ್ಮ ಮೆಲ್ಲಗೆ ಅಂದಳು: "ಅಕ್ಕಾರ, ಹಸಿವು ತಾಳದ ಒಂದಿನ ಕದ್ದು ಕಡದೆ. ಕಲ್ಲ ಇದ್ದಂಗ ಇತ್ತು. ಹಲ್ಲು ನೋತು, ಬಿಟ್ಟೆ."

ರಸ್ತೆಗೆ ಬಂದು ಸಂಸ್ಥೆಗೆ ಫೋನ್ ಮಾಡಿ, ಮೆತ್ತನೆಯ ಖರ್ಜೂರ ಕಳಿಸಿ ಎಂದು ಕೇಳಿದೆ. ಗೋದಾಮಿನಲ್ಲಿರುವ ಉತ್ತತ್ತಿ ಮೊದಲು ಖಾಲಿಯಾಗಲಿ ಎಂದರು. ಅದನ್ನು ಯಾರೂ ತಿನ್ನುತ್ತಿಲ್ಲ ಎಂದೆ.

"ಪರವಾಗಿಲ್ಲ ಮೇಡಂ, ಅದು ಕೆಡೋದಿಲ್ಲ" ಎಂದು ಅವರೇ ನನಗೆ ಸಮಾಧಾನ ಹೇಳಿದರು.